ಬಾಡಿಗೆಯ ಸರ್ವರ್: ವರ್ತಕರು ಅರಿತಿರಬೇಕಾದ ಅಂಶಗಳು

ಕಲಘಟಗಿಯಂತಹ ತಾಲ್ಲೂಕು ಕೇಂದ್ರದ ವರ್ತಕರೂ ಇಂದು ಲೆಕ್ಕಪತ್ರಗಳನ್ನು ಗಣಕಯಂತ್ರದಲ್ಲಿ ಇರಿಸುತ್ತಾರೆ. ಹುಬ್ಬಳ್ಳಿಯಲ್ಲಿಯೂ ಅಂಗಡಿ ಉಳ್ಳವರು ಎರಡೂ ಕಡೆಯಿಂದ ಒಂದೇ ಖಾತೆಯನ್ನು ಬರೆಯಲು ಕ್ಲೌಡ್ ಸೇವೆಯತ್ತ ನೋಡುವುದು ಸಹಜ. ಸೇವಾ ಸಂಸ್ಥೆಯ ಕೇಂದ್ರದಲ್ಲಿರುವ ದೊಡ್ಡ ಸರ್ವರ್‌ನ ಒಂದು ಭಾಗವನ್ನು ತಂತ್ರಾಂಶದಿಂದ ವಿಂಗಡಿಸಿ ಬಾಡಿಗೆಗೆ ಕೊಡುತ್ತಾರೆ. ಅದು ಸ್ವತಂತ್ರ ಗಣಕಯಂತ್ರದಂತೆಯೇ ಕೆಲಸ ಮಾಡುವುದರಿಂದ ‘ವರ್ಚುವಲ್ ಮಷಿನ್’ ಎಂದು ಹೆಸರು.

ಇದು ಉಗ್ರಾಣದಲ್ಲಿ ಒಂದು ಕೋಣೆ ಹಿಡಿದಂತೆ. ಕಟ್ಟಡ, ವಿದ್ಯುತ್, ಯಂತ್ರದ ದುರಸ್ತಿ ಸಂಸ್ಥೆಯ ಹೊಣೆ. ಪಾಸ್‌ವರ್ಡ್, ವಿಂಡೋಸ್‌ನ ಪರಿಷ್ಕರಣೆ, ಲೆಕ್ಕದ ಪ್ರತಿ ತೆಗೆದಿಡುವುದು ಬಾಡಿಗೆದಾರರ ಹೊಣೆ. ಈ ಭೇದವನ್ನು ಅರಿಯದಿದ್ದಲ್ಲಿ ಹಣವೂ ಲೆಕ್ಕವೂ ನಷ್ಟವಾಗುವ ಸಂಭವವಿದೆ.

ಬಾಡಿಗೆಯ ಲೆಕ್ಕ

ಸಾಮಾನ್ಯವಾಗಿ ಯಂತ್ರವು ಚಾಲನೆಯಲ್ಲಿರುವ ಅವಧಿಗೆ ಬಾಡಿಗೆ ಬೀಳುತ್ತದೆ. ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 730 ಗಂಟೆ. ದಿನಕ್ಕೆ 10 ಗಂಟೆಯಂತೆ 26 ದಿನ ನಡೆದರೆ 260 ಗಂಟೆ, ಅಂದರೆ ಶೇ. 36ರಷ್ಟು ಮಾತ್ರ. ಆದರೆ ಮೈಕ್ರೊಸಾಫ್ಟ್ ಅಜೂರ್ ಸೇವೆಯಲ್ಲಿ ವಿಂಡೋಸ್‌ನ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲದು. ಸೇವೆಯ ನಿರ್ವಹಣಾ ಪುಟದಿಂದಲೇ ನಿಲ್ಲಿಸಬೇಕು. ಆಗಲೂ ಡಿಸ್ಕ್‌ನ ಬಾಡಿಗೆ ಮುಂದುವರಿಯುತ್ತದೆ. ಒಂದು ಅಥವಾ ಮೂರು ವರ್ಷಗಳ ಕರಾರಿಗೆ ರಿಯಾಯಿತಿ ಉಂಟು. ಅದು ಸದಾ ನಡೆಯುವ ಯಂತ್ರಕ್ಕೆ ಲಾಭದಾಯಕ, ಸುಗ್ಗಿಯ ಕಾಲಕ್ಕಷ್ಟೇ ಬೇಕಾದುದಕ್ಕಲ್ಲ.

ಸೇವೆಗೆ ಶೇ. 18ರ ಜಿಎಸ್‌ಟಿ ಇದೆ. ಖಾತೆ ತೆರೆಯುವಾಗಲೇ ನೋಂದಣಿ ಸಂಖ್ಯೆಯನ್ನು ನಮೂದಿಸಿದಲ್ಲಿ ಹೂಡುವಳಿ ತೆರಿಗೆ ಜಮೆಗೆ ತಕ್ಕ ಬಿಲ್ಲು ದೊರೆಯುತ್ತದೆ. ಕರಮುಕ್ತ ಸರಕನ್ನಷ್ಟೇ ಮಾರುವವರಿಗೆ ಜಮೆ ಸಿಗದು. ಎರಡೂ ಬಗೆಯ ವ್ಯಾಪಾರವಿದ್ದವರಿಗೆ ಅದು ಪ್ರಮಾಣಾನುಸಾರ ಸಿಗುತ್ತದೆ.

ದಾಖಲೆಗಳ ರಕ್ಷಣೆ

ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಮಾಡಿದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕು. ಆದ್ದರಿಂದ ಖಾತೆ ತೆರೆಯುವಾಗ ಪುಣೆ, ಚೆನ್ನೈ, ಮುಂಬಯಿ ಅಥವಾ ಹೈದರಾಬಾದ್‌ನಂತಹ ಕೇಂದ್ರವನ್ನೇ ಆರಿಸುವುದು ಸೂಕ್ತ. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಆದರೂ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ವಿವರಪಟ್ಟಿಯ ಅಂತಿಮ ದಿನದಿಂದ 72 ತಿಂಗಳವರೆಗೆ ನೋಂದಾಯಿತ ವರ್ತಕರು ದಾಖಲೆಗಳನ್ನು ಕಾಪಾಡಲೇಬೇಕು. ಬಾಡಿಗೆ ಕಟ್ಟದೆ ಯಂತ್ರ ಅಳಿಸಿಹೋಯಿತೆಂಬ ಸಮಜಾಯಿಷಿ ಅಧಿಕಾರಿಗಳ ಮುಂದೆ ನಿಲ್ಲದು.

ಯಂತ್ರವಿರುವ ಡಿಸ್ಕ್‌ನಲ್ಲಿಯೇ ಪ್ರತಿ ಇಟ್ಟರೆ ಅದು ರಕ್ಷಣೆಯಲ್ಲ. ಒಂದು ಪ್ರತಿ ಬೇರೆ ಊರಿನ ಕೇಂದ್ರದಲ್ಲಿ, ಇನ್ನೊಂದು ಅಂಗಡಿಯ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಲೆಕ್ಕವನ್ನು ತೆರೆದು ತಾಳೆ ನೋಡಬೇಕು.

ಅಂತರ್ಜಾಲ ಕಡಿದರೆ ಲೆಕ್ಕವೂ ಕೈಗೆ ಸಿಗದು. ವಿವರಪಟ್ಟಿ ಸಲ್ಲಿಸುವ ದಿನಗಳಿಗಾಗಿ ಇನ್ನೊಂದು ಕಂಪನಿಯ ಸಂಪರ್ಕವೂ ಇರುವುದು ಲೇಸು. ಗೋವಿನಜೋಳ, ಹತ್ತಿಯ ಆವಕ ಆರಂಭವಾಗುವ ಮೊದಲೇ ಒಂದು ತಿಂಗಳು ಹಳೆಯ ಹಾಗೂ ಹೊಸ ವ್ಯವಸ್ಥೆಗಳನ್ನು ಜೊತೆಯಾಗಿ ನಡೆಸಿ, ಬಿಲ್ಲನ್ನೂ ಲೆಕ್ಕವನ್ನೂ ಪರಿಶೀಲಿಸಿ, ಅನಂತರವೇ ನಿರ್ಧರಿಸುವುದು ವಿವೇಕಯುತವಾದ ಕ್ರಮ.