ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಅಧ್ಯಯನ ವಿಭಾಗಗಳಿಗೆ ಗಣಕಯಂತ್ರವು ಇಂದು ಗ್ರಂಥಭಂಡಾರದಷ್ಟೇ ಅವಶ್ಯಕವಾದ ಸಾಧನವಾಗಿದೆ. ಹಸ್ತಪ್ರತಿಗಳ ಛಾಯಾಚಿತ್ರಗಳು, ಶಾಸನಗಳ ಪಾಠಗಳು, ಸಂಶೋಧನ ಪ್ರಬಂಧಗಳ ಕರಡುಗಳು ಎಲ್ಲವೂ ಅದರಲ್ಲಿಯೇ ಸಂಗ್ರಹವಾಗಿರುತ್ತವೆ. ಏಳೆಂಟು ವರ್ಷಗಳು ಕಳೆಯುವಷ್ಟರಲ್ಲಿ ಯಂತ್ರದ ನಡೆ ಮಂದವಾಗುತ್ತದೆ. ಆಗ ಅದನ್ನು ಸರಿಪಡಿಸಿ ಉಳಿಸಿಕೊಳ್ಳಬೇಕೆ, ಇಲ್ಲವೆ ಹೊಸದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಯಂತ್ರದ ವಯಸ್ಸೊಂದನ್ನೇ ನೋಡಿ ಈ ಪ್ರಶ್ನೆಗೆ ಉತ್ತರ ಹೇಳುವುದು ರೂಢಿ. ಈ ರೂಢಿ ಸಾಧುವಲ್ಲವೆಂದೂ, ಯಂತ್ರವು ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಮೊದಲು ಅಳೆದು ತಿಳಿಯಬೇಕೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರದ ವೇಗವೆಂಬುದು ಯಾವುದೋ ಒಂದು ಅಂಗದ ಗುಣವಲ್ಲ. ಲೆಕ್ಕ ಮಾಡುವುದು ಪ್ರೊಸೆಸರಿನ ಕೆಲಸ. ಆ ಕ್ಷಣಕ್ಕೆ ಬೇಕಾದ ವಿಷಯವನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಕೆಲಸ. ಎಲ್ಲವನ್ನೂ ಸ್ಥಿರವಾಗಿ ಕಾಪಾಡುವುದು ಹಾರ್ಡ್ ಡಿಸ್ಕಿನ ಕೆಲಸ. ಗ್ರಂಥಭಂಡಾರದಲ್ಲಿ ಕುಳಿತು ಓದುವವನಿಗೂ, ಅವನ ಮುಂದಿನ ಮೇಜಿಗೂ, ದೂರದ ಕಪಾಟಿಗೂ ಇರುವ ಸಂಬಂಧವನ್ನು ನೆನೆದರೆ ಈ ಮೂರರ ಸಂಬಂಧವೂ ತಿಳಿಯುತ್ತದೆ. ಓದುವವನು ಎಷ್ಟೇ ಚುರುಕಾಗಿರಲಿ, ಪ್ರತಿಯೊಂದು ಪುಟಕ್ಕೂ ಕಪಾಟಿನವರೆಗೆ ಹೋಗಿಬರಬೇಕಾದರೆ ಅವನ ಚುರುಕು ವ್ಯರ್ಥವಾಗುವುದಷ್ಟೆ.

ಕಪಾಟು ಎಷ್ಟು ದೂರವೆಂಬುದನ್ನು ಅಂಕಿಗಳಲ್ಲಿ ಹೇಳಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಸ್ಥಳವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. ತಲೆಯು ಒಂದು ಪಥದಿಂದ ಮತ್ತೊಂದಕ್ಕೆ ಸರಿಯಲು ಇನ್ನೂ ಸುಮಾರು 9 ಮಿಲಿಸೆಕೆಂಡು ಬೇಕು. ಆದುದರಿಂದ ಅಲ್ಲಲ್ಲಿ ಚದುರಿರುವ ವಿಷಯವನ್ನು ಹುಡುಕುವಾಗ ಇಂಥ ಡಿಸ್ಕು ಸೆಕೆಂಡಿಗೆ ಎಪ್ಪತ್ತೈದರ ಆಸುಪಾಸಿನಷ್ಟು ಸಲ ಮಾತ್ರ ಉತ್ತರ ಕೊಡಬಲ್ಲುದು. ಎಸ್‌ಎಸ್‌ಡಿ ಎಂಬ ಸಾಧನದಲ್ಲಾದರೋ ಚಲಿಸುವ ಭಾಗವೇ ಇಲ್ಲ. ಅಲ್ಲಿ ಇದೇ ಕೆಲಸವು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನ ಸುಮಾರಿನಲ್ಲಿ ಮುಗಿಯುತ್ತದೆ. ಸಾಟಾ ಜೋಡಣೆಯುಳ್ಳ ಎಸ್‌ಎಸ್‌ಡಿಯನ್ನು ಹತ್ತು ವರ್ಷದ ಹಿಂದಿನ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಹಳೆಯ ಡಿಸ್ಕಿನ ಜಾಗದಲ್ಲಿಯೇ ಕೂಡಿಸಬಹುದು.

ಈ ವಿವೇಚನೆಗೆ ಆಧಾರವಾದ ಒಂದು ಸೂತ್ರವನ್ನು ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಗಣಕತಜ್ಞನು 1967ರಲ್ಲಿ ಮಂಡಿಸಿದ ವಾದದಿಂದ ಪಡೆಯಬಹುದು. ಒಂದು ಅಂಗವನ್ನು ಎಷ್ಟೇ ಉತ್ತಮಪಡಿಸಿದರೂ, ಒಟ್ಟು ಕಾಲದಲ್ಲಿ ಆ ಅಂಗಕ್ಕೆ ಸಂದ ಪಾಲಿಗಿಂತ ಹೆಚ್ಚಿನ ಉಳಿತಾಯ ಆಗದೆಂಬುದು ಅದರ ತಾತ್ಪರ್ಯ. ನಿದರ್ಶನಕ್ಕಾಗಿ, ಒಂದು ಕೆಲಸಕ್ಕೆ 100 ಸೆಕೆಂಡು ಹಿಡಿಯುವುದೆಂದೂ, ಅದರಲ್ಲಿ 80 ಸೆಕೆಂಡು ಡಿಸ್ಕಿಗಾಗಿ ಕಾಯುವುದರಲ್ಲಿಯೂ 20 ಸೆಕೆಂಡು ಪ್ರೊಸೆಸರಿನ ಲೆಕ್ಕದಲ್ಲಿಯೂ ಕಳೆಯುವುದೆಂದೂ ಇಟ್ಟುಕೊಳ್ಳೋಣ. ಎರಡರಷ್ಟು ವೇಗದ ಪ್ರೊಸೆಸರನ್ನು ತಂದರೆ 100 ಸೆಕೆಂಡು 90 ಆಗುತ್ತದೆ. ಪ್ರೊಸೆಸರನ್ನು ಹಾಗೆಯೇ ಬಿಟ್ಟು, ಹತ್ತರಷ್ಟು ವೇಗದ ಎಸ್‌ಎಸ್‌ಡಿಯನ್ನು ಹಾಕಿದರೆ 100 ಸೆಕೆಂಡು 28 ಆಗುತ್ತದೆ. ಖರ್ಚು ಮಾಡಿದ ಹಣವಲ್ಲ, ಖರ್ಚು ಮಾಡಿದ ಸ್ಥಾನವೇ ಫಲವನ್ನು ನಿರ್ಣಯಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಕಾಯುವಿಕೆ ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ. ವಿಂಡೋಸ್ ಯಂತ್ರಗಳಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಫಲಕವನ್ನು ತೆರೆದಿಟ್ಟು ದಿನದ ಕೆಲಸವನ್ನು ಎಂದಿನಂತೆ ಮಾಡಿದರೆ ಸಾಕು. ಡಿಸ್ಕಿನ ಅಂಕಿ ನೂರರ ಬಳಿಯೇ ನಿಂತು ಪ್ರೊಸೆಸರಿನದು ಕೆಳಗಿದ್ದರೆ ದೋಷವು ಡಿಸ್ಕಿನಲ್ಲಿದೆ. ಸ್ಮೃತಿಯ ಅಂಕಿ ತುಂಬಿಬಂದಿದ್ದರೆ ರ್‍ಯಾಮ್ ಸಾಲದಾಗಿದೆ. ಆಗ ಯಂತ್ರವು ಮೇಜಿನ ಮೇಲೆ ಹಿಡಿಸದುದನ್ನು ಮತ್ತೆ ಮತ್ತೆ ಡಿಸ್ಕಿಗೆ ಸಾಗಿಸುವುದರಿಂದ ಒಂದರ ಕೊರತೆ ಮತ್ತೊಂದರ ದೋಷದಂತೆ ತೋರುವುದೂ ಉಂಟು. ಆದುದರಿಂದ ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಬೇಕು. ಪ್ರೊಸೆಸರೇ ಸದಾ ನೂರರಲ್ಲಿದ್ದರೆ, ಯಾವ ಕಾರ್ಯಕ್ರಮವು ಅದನ್ನು ದುಡಿಸುತ್ತಿದೆಯೆಂದು ಮೊದಲು ವಿಚಾರಿಸಬೇಕು. ಅದು ನಮ್ಮ ನಿತ್ಯದ ಕೆಲಸವೇ ಆಗಿದ್ದರೆ ಹೊಸ ಯಂತ್ರದ ಯೋಚನೆ ನ್ಯಾಯವಾದುದು.

ಜೀರ್ಣೋದ್ಧಾರಕ್ಕೆ ಮಿತಿಗಳೂ ಇವೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ರ್‍ಯಾಮ್ ಪೀಳಿಗೆಗಳು ಒಂದರ ಜಾಗದಲ್ಲಿ ಮತ್ತೊಂದು ಕೂಡುವಂಥವಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೆಸುಗೆ ಹಾಕಿಯೇ ಕೂಡಿಸಿರುವುದರಿಂದ ಬದಲಾಯಿಸಲು ಬಾರದು. ಮದರ್‌ಬೋರ್ಡ್ ಕೆಟ್ಟರೆ, ಅದರೊಡನೆ ಪ್ರೊಸೆಸರು ಮತ್ತು ರ್‍ಯಾಮುಗಳನ್ನೂ ಬದಲಾಯಿಸಬೇಕಾಗಿ ಬರುವುದು ಸಾಮಾನ್ಯ; ಅದು ಹೆಸರಿಗೆ ದುರಸ್ತಿ, ವಸ್ತುತಃ ಹೊಸ ಕ್ರಯ. ಇವೆಲ್ಲಕ್ಕಿಂತ ಮುಖ್ಯವಾದ ಮಿತಿಯು ತಂತ್ರಾಂಶದ್ದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11, ಟಿಪಿಎಂ 2.0 ಎಂಬ ರಕ್ಷಣಾಂಗವನ್ನೂ, ಇಂಟೆಲ್ ಪ್ರೊಸೆಸರಾದರೆ ಸ್ಥೂಲವಾಗಿ 2017ರಲ್ಲಿ ಬಂದ 8ನೆಯ ಪೀಳಿಗೆಯದನ್ನೋ ಆಮೇಲಿನದನ್ನೋ ಬಯಸುತ್ತದೆ. ಹೀಗೆ, ಅಂಗಾಂಗಗಳೆಲ್ಲ ದೃಢವಾಗಿದ್ದರೂ ರಕ್ಷಣೆಯಿಲ್ಲದೆ ಅಂತರಜಾಲಕ್ಕೆ ತೆರೆದುಕೊಂಡ ಯಂತ್ರವು ವಿಭಾಗದ ಕಡತಗಳಿಗೇ ಅಪಾಯಕರ. ಇಂಥ ಯಂತ್ರಕ್ಕೆ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿ, ಬರೆವಣಿಗೆಗೂ ಓದಿಗೂ ಬಳಸುವುದು ಒಂದು ಮಾರ್ಗ. ಯೂನಿಕೋಡ್ ಕನ್ನಡಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಇನ್ನು ವೆಚ್ಚದ ಮಾತು. ಒಟ್ಟು ಬೆಲೆಗಳನ್ನು ಹೋಲಿಸದೆ, ಸೇವೆಯ ಒಂದೊಂದು ವರ್ಷಕ್ಕೆ ಬೀಳುವ ಬೆಲೆಯನ್ನು ಹೋಲಿಸಬೇಕು. ಹೊಸ ಯಂತ್ರವು 8 ವರ್ಷ ಬಾಳುವುದೆಂದೂ, ದುರಸ್ತಿಗೆ ಅದರ ಕಾಲುಭಾಗದ ಹಣ ಬೀಳುವುದೆಂದೂ ಊಹಿಸಿದರೆ, ಹಳೆಯ ಯಂತ್ರವು ಇನ್ನು 2 ವರ್ಷಕ್ಕಿಂತ ಹೆಚ್ಚು ಕಾಲ ನಡೆದರೆ ದುರಸ್ತಿಯೇ ಲಾಭ. ಅಷ್ಟು ನಡೆಯಲಾರದೆಂದು ಕಂಡರೆ ಅದು ನಷ್ಟ. ಎಸ್‌ಎಸ್‌ಡಿಯಂಥ ಅಂಗವನ್ನು ಮುಂದೆ ಬೇರೆ ಯಂತ್ರಕ್ಕೆ ಒಯ್ಯಬಹುದಾದುದರಿಂದ ಅದರ ಬೆಲೆ ಪೂರ್ತಿಯಾಗಿ ಹಳೆಯದರ ಲೆಕ್ಕಕ್ಕೆ ಸೇರತಕ್ಕದ್ದಲ್ಲ.

ಕನ್ನಡದ ವಿಭಾಗಗಳು ಎದುರಿಸಬೇಕಾದ ಇನ್ನೊಂದು ತೊಡಕನ್ನು ಇಲ್ಲಿ ಹೇಳದಿರಲಾಗದು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಆಮೇಲೆ ಬಹುಕಾಲ ನಮ್ಮ ಬರೆವಣಿಗೆ ನಡೆದುದು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನಿಟ್ಟ ಫಾಂಟುಗಳಲ್ಲಿ. ನುಡಿ, ಬರಹಗಳ ಹಳೆಯ ಕಡತಗಳು ಬಹುಮಟ್ಟಿಗೆ ಈ ಬಗೆಯವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಬೇಕಾದ ಕನ್ನಡ ಪದವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಹಳೆಯ ಯಂತ್ರವನ್ನು ಅವಸರದಲ್ಲಿ ಗುಜರಿಗೆ ಹಾಕಿದ ದಿನ ಅನೇಕ ವರ್ಷಗಳ ಪಾಠಸಂಗ್ರಹವೂ ಅದರೊಡನೆ ಹೋಗಬಹುದು. ಯಂತ್ರ ಹೋದರೆ ಇನ್ನೊಂದು ಬಂದೀತು. ಕಷ್ಟಪಟ್ಟು ಓದಿ ಬರೆದುಕೊಂಡ ಪಾಠ ಹೋದರೆ ಬಾರದು. ಆದಕಾರಣ ದುರಸ್ತಿಯಾಗಲಿ ಹೊಸ ಕ್ರಯವಾಗಲಿ, ಅದಕ್ಕೆ ಮುಂಚೆ ಕಡತಗಳನ್ನೆಲ್ಲ ಎರಡು ಬೇರೆ ಬೇರೆ ಕಡೆಗಳಲ್ಲಿ ನಕಲು ಮಾಡಿಡಬೇಕು; ಹಳೆಯ ಫಾಂಟಿನವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿಲ್ಲವೆಂದು ಓದಿ ನೋಡಬೇಕು; ಮೂಲ ಕಡತವನ್ನು ಫಾಂಟಿನೊಡನೆ ಉಳಿಸಿಕೊಳ್ಳಬೇಕು.

ತೊಲಗಿಸಲೇಬೇಕಾದ ಯಂತ್ರಕ್ಕೂ ನಮ್ಮ ಹೊಣೆ ಮುಗಿಯುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸವು ಸುಮಾರು 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾದುದು ಕಾಲುಭಾಗಕ್ಕೂ ಕಡಮೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಮೇರೆಗೆ ಅದನ್ನು ನೋಂದಾಯಿತ ಸಂಸ್ಕರಣಕಾರರ ಮೂಲಕವೇ ವಿಲೇವಾರಿ ಮಾಡತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ಕಡತಗಳ ರಕ್ಷಣೆ, ಬಳಿಕ ಅಳತೆ, ಆಮೇಲೆ ತಂತ್ರಾಂಶದ ಅರ್ಹತೆ, ಕೊನೆಯಲ್ಲಿ ವೆಚ್ಚದ ಲೆಕ್ಕ: ಈ ಕ್ರಮದಲ್ಲಿ ವಿಚಾರ ಮಾಡಿದರೆ ನಿರ್ಣಯವು ತಾನಾಗಿಯೇ ಒದಗುತ್ತದೆ. ನಮ್ಮ ಶಾಸನಗಳಲ್ಲಿ ಗುಡಿ ಕೆರೆಗಳ ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ಎಣಿಸಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಒಡೆದ ಏರಿಯನ್ನು ಕಟ್ಟಿದ್ದು ನೀರು ನಿಲ್ಲಲೆಂದು. ಯಂತ್ರದ ವಿಷಯದಲ್ಲಿಯೂ ನಾವು ಕಾಯಬೇಕಾದುದು ಒಳಗಿರುವುದನ್ನು.