ದೋಣಿಯಲ್ಲಿ ದೂರವಾಣಿ

ಹಿಡಿದ ಮೀನು ಯಾರಿಗೂ ಕಾಯುವುದಿಲ್ಲ. ದೋಣಿಯ ತಳದಲ್ಲಿ ರಾಶಿಬಿದ್ದ ಬೂತಾಯಿಯು ಬಿಸಿಲೇರುವುದರೊಳಗೆ ಮಾರಾಟವಾಗಬೇಕು. ತಡವಾಯಿತೆಂದರೆ ಬೆಸ್ತನ ಶ್ರಮವೂ, ಎಂಜಿನ್ನಿಗೆ ಸುರಿದ ಎಣ್ಣೆಯ ಹಣವೂ ನೀರುಪಾಲಾದಂತೆಯೇ ಸರಿ.

ಕೋಳಿಕ್ಕೋಡಿನಿಂದ ಕಾಸರಗೋಡಿನವರೆಗೆ ಚಾಚಿರುವ ಕೇರಳದ ಉತ್ತರ ಕರಾವಳಿಯಲ್ಲಿ ಅಲ್ಲಲ್ಲಿ ಮೀನಿನ ಸಂತೆಗಳು ನೆರೆಯುತ್ತವೆ. ಎಲ್ಲಿ ಗಿರಾಕಿಗಳು ಹೆಚ್ಚು, ಎಲ್ಲಿ ಬೆಲೆ ಏರಿದೆ ಎಂಬುದನ್ನು ಕಡಲಿನ ಮೇಲಿರುವ ಬೆಸ್ತನು ಅರಿಯುವ ಬಗೆಯೇ ಹಿಂದೆ ಇರಲಿಲ್ಲ. ಪರವೂರ ತೀರಕ್ಕೆ ಹೋದರೆ ಎಣ್ಣೆಯ ವೆಚ್ಚ; ಮುಟ್ಟುವಷ್ಟರಲ್ಲಿ ಸಂತೆ ಚೆದುರಿದ್ದರೆ ಸರ್ವನಷ್ಟ. ಆದುದರಿಂದ ಅವನು ತನ್ನೂರಿಗೇ ಮರಳುತ್ತಿದ್ದನು. 1997ರ ಜನವರಿ 14ರ ಬೆಳಗ್ಗೆ ಬಡಗರ ತೀರದಲ್ಲಿ 11 ಮಂದಿ ಬೆಸ್ತರು ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುವ ಸ್ಥಿತಿಗೆ ಬಂದಿದ್ದರು. ಅದೇ ಹೊತ್ತಿನಲ್ಲಿ, 15 ಕಿಲೋಮೀಟರಿನೊಳಗಿನ ನೆರೆಯ ತೀರಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹಿಂದಿರುಗುವುದರಲ್ಲಿದ್ದರು!

ಆ ವರ್ಷವೇ ಕೋಳಿಕ್ಕೋಡಿಗೆ ಮೊಬೈಲ್ ದೂರವಾಣಿ ಬಂದಿತು. ಮುಂದೆ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ. ಗೋಪುರಗಳು ಕರಾವಳಿಯ ಪಟ್ಟಣಗಳಲ್ಲಿ ನಿಂತುದರಿಂದ ಕಡಲಿನೊಳಗೆ 20-25 ಕಿಲೋಮೀಟರುಗಳವರೆಗೂ ಮಾತು ಕೇಳಿಸತೊಡಗಿತು. ಬೆಸ್ತನು ದೋಣಿಯಿಂದಲೇ ಎರಡು ಮೂರು ಸಂತೆಗಳನ್ನು ವಿಚಾರಿಸಿ, ಬೆಲೆ ಕುದುರಿದ ದಿಕ್ಕಿಗೆ ಚುಕ್ಕಾಣಿ ತಿರುಗಿಸಿದನು.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಸುಮಾರು 300 ದೋಣಿಗಳ ಲೆಕ್ಕವನ್ನು ವಾರವಾರವೂ ಬರೆಯಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ನೂರಕ್ಕೆ 5ರಿಂದ 8ರಷ್ಟು ಮೀನು ವ್ಯರ್ಥವಾಗುತ್ತಿದ್ದುದು ಬಹುಮಟ್ಟಿಗೆ ನಿಂತುಹೋಯಿತು. ಬೆಸ್ತರ ಲಾಭ ನೂರಕ್ಕೆ 8ರಷ್ಟು ಏರಿತು. ಸೋಜಿಗವೆಂದರೆ, ಕೊಳ್ಳುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು.

ಆದರೆ ಈ ಭಾಗ್ಯ ಎಲ್ಲರದೂ ಆಗಲಿಲ್ಲ. ದೋಣಿಗೆಂದು ಸಾಲವಿತ್ತ ದಲ್ಲಾಳಿಗೇ ಮೀನನ್ನು ಒಪ್ಪಿಸಬೇಕಾದವನಿಗೆ ಪರವೂರ ಬೆಲೆ ತಿಳಿದು ಫಲವೇನು? ಈ ಪ್ರಶ್ನೆಯನ್ನು ಅನಂತರದ ಸಂಶೋಧಕರೂ ಎತ್ತಿದ್ದಾರೆ.

ಈಗಿನ ಮೊಬೈಲು ಅಂಗೈಯಗಲದ ಗಣಕಯಂತ್ರವೇ ಆಗಿದೆ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಉಪಗ್ರಹಗಳ ನೆರವಿನಿಂದ ಮೀನು ಸಿಕ್ಕಬಹುದಾದ ನೆಲೆಗಳನ್ನೂ, ಅಲೆಗಳ ಎಚ್ಚರಿಕೆಯನ್ನೂ ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ತಿಳಿಸುತ್ತದೆ. ಸುದ್ದಿಯ ಬಡತನ ಹೀಗೆ ನೀಗುತ್ತಿದೆ. ಸಾಲದ ಕಟ್ಟೂ ಸಡಿಲಿದರೆ ಮಾತ್ರ ಬಡವನ ದೋಣಿಯು ತನಗೆ ಬೇಕಾದ ದಡವನ್ನು ಸೇರೀತು.