ಬಚ್ಚಲಿನ ಗೂಡಿನಲ್ಲಿ ಕ್ಲೋರಿನ್!

ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಎಂಬ ಊರಿನಲ್ಲಿ 2024ರ ಸೆಪ್ಟೆಂಬರ್ 29ರಂದು ಒಂದು ವಿಚಿತ್ರ ಅವಘಡ ನಡೆಯಿತು. ಈಜುಕೊಳದ ನೀರನ್ನು ಶುದ್ಧಗೊಳಿಸುವ ರಾಸಾಯನಿಕಗಳ ಕಾರ್ಖಾನೆ ಅದು. ಬೆಂಕಿ ಆರಿಸಲೆಂದೇ ಚಾವಣಿಗೆ ಜೋಡಿಸಿದ್ದ ನೀರಿನ ಸಿಂಪರಣೆ ವ್ಯವಸ್ಥೆ ಕೆಟ್ಟು, ನೀರು ದಾಸ್ತಾನಿನ ಮೇಲೆ ಬಿತ್ತು. ಒದ್ದೆಯಾದ ರಾಸಾಯನಿಕ ಬಿಸಿಯೇರಿ, ಕ್ಲೋರಿನ್ ಬೆರೆತ ದಟ್ಟ ಹೊಗೆ ಆಕಾಶಕ್ಕೇರಿತು. ಸುಮಾರು 17,000 ಮಂದಿ ಮನೆ ಬಿಟ್ಟು ಹೊರಡಬೇಕಾಯಿತು. ಬೆಂಕಿ ಆರಿಸಬೇಕಾದ ನೀರೇ ಅನಾಹುತಕ್ಕೆ ಮೂಲವಾಯಿತು!

ನಮ್ಮಲ್ಲಿ ಮನೆಗೊಂದು ಈಜುಕೊಳವಿಲ್ಲ, ನಿಜ. ಆದರೆ ಬಾವಿಗೆ, ಸಂಪಿಗೆ, ಚರಂಡಿಗೆ ಹಾಕುವ ಬ್ಲೀಚಿಂಗ್ ಪೌಡರ್ ಹಲವು ಮನೆಗಳಲ್ಲಿದೆ. ಅದೂ ಕ್ಲೋರಿನ್ ಕುಟುಂಬದ ಕುಡಿಯೇ. ಬಚ್ಚಲಿನ ಅದೇ ಗೂಡಿನಲ್ಲಿ, ಅದರ ಪಕ್ಕದಲ್ಲೇ, ಕಕ್ಕಸು ತೊಳೆಯುವ ಆಸಿಡ್ ಬಾಟಲಿಯೂ ಕುಳಿತಿರುತ್ತದೆ. ಅಪಾಯ ಇರುವುದು ಈ ನೆರೆಹೊರೆಯಲ್ಲಿ.

ಮಿತ್ರನೂ ಹೌದು, ಶತ್ರುವೂ ಹೌದು

ಸ್ವೀಡನ್ನಿನ ರಸಾಯನವಿಜ್ಞಾನಿ ಷೀಲೆ 1774ರಲ್ಲಿ ಕ್ಲೋರಿನ್ ಅನಿಲವನ್ನು ತಯಾರಿಸಿದ. ಅದೊಂದು ಮೂಲವಸ್ತು ಎಂದು 1810ರಲ್ಲಿ ಸಾರಿ, ಅದರ ಹಳದಿ ಮಿಶ್ರಿತ ಹಸಿರು ಬಣ್ಣದಿಂದಲೇ ಹೆಸರಿಟ್ಟವನು ಹಂಫ್ರಿ ಡೇವಿ. ಈ ಅನಿಲವನ್ನು ಸುಣ್ಣದಲ್ಲಿ ಹಿಡಿದಿಟ್ಟು ಬಟ್ಟೆ ಬಿಳಿಯಾಗಿಸುವ ಪುಡಿಗೆ 1799ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್. ಕಾಲರಾ, ಟೈಫಾಯ್ಡ್‌ಗಳಿಂದ ಲಕ್ಷಾಂತರ ಜೀವಗಳನ್ನು ಉಳಿಸಿದ್ದು ಇದೇ ಕ್ಲೋರಿನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದೂ ಇದೇ.

ಆಸಿಡ್ ಬೆರೆತರೆ ಏನಾಗುತ್ತದೆ?

ಒಣಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಬ್ಲೀಚಿಂಗ್ ಪೌಡರ್ ದೊರೆಯುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದಿರುತ್ತಾರೆ. ಹೀಗೆ ಸೆರೆಯಾದ ಕ್ಲೋರಿನ್ನನ್ನು ಬಿಡುಗಡೆ ಮಾಡುವ ಬೀಗದ ಕೈಯೇ ಆಮ್ಲ. ಕಕ್ಕಸು ತೊಳೆಯುವ ಅನೇಕ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಪೌಡರ್ ಹಾಕಿದರೂ ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿದರೆ ಕ್ಷಣಾರ್ಧದಲ್ಲಿ ಕ್ಲೋರಿನ್ ಹೊರಬರುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ನೆಲದ ಮಟ್ಟದಲ್ಲೇ ಹರಡುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಬಗ್ಗಿ ಉಜ್ಜುವವರ ಗತಿ ಏನು? ಕಣ್ಣು, ಗಂಟಲು ಉರಿದು, ಕೆಮ್ಮು ಒತ್ತರಿಸಿ ಬಂದು, ಉಸಿರೇ ಸಿಕ್ಕಿಕೊಳ್ಳಬಹುದು. ಅಮೋನಿಯಾ ಇರುವ ದ್ರವಗಳ ಜೊತೆ ಬೆರೆತರೂ ಕ್ಲೋರಮೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಎರಡು ಶುದ್ಧಕಾರಕಗಳು ಸೇರಿದರೆ ಇಮ್ಮಡಿ ಶುದ್ಧಿ ಎಂಬುದು ಬರೀ ಭ್ರಮೆ.

ಇಡುವುದು ಹೇಗೆ?

ಬ್ಲೀಚಿಂಗ್ ಪೌಡರನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ, ಒಣಗಿದ, ಗಾಳಿಯಾಡುವ ಕಡೆ ಇಡಬೇಕು. ತೆರೆದಿಟ್ಟರೆ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ; ಲೋಹದ ಡಬ್ಬಿಯನ್ನು ತುಕ್ಕು ತಿನ್ನುತ್ತದೆ. ಆಸಿಡ್, ಸೀಮೆಎಣ್ಣೆ, ಪೆಟ್ರೋಲು, ರಸಗೊಬ್ಬರ ಇದರ ಹತ್ತಿರ ಸುಳಿಯಬಾರದು. ಆಸಿಡ್ಡನ್ನು ಬೇರೆಯೇ ಜಾಗದಲ್ಲಿ, ನೆಲಮಟ್ಟದಲ್ಲಿ, ಬೀಗ ಹಾಕಿ ಇಡುವುದು ಕ್ಷೇಮ. ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವುದಂತೂ ಮಹಾ ತಪ್ಪು. ಬಾಯಾರಿದ ಮಗುವಿಗೆ ಬಾಟಲಿಯ ಗುರುತು ಗೊತ್ತು, ಒಳಗಿನ ವಿಷ ಗೊತ್ತಿಲ್ಲ.

ಬಳಸುವುದು ಹೇಗೆ?

ಸಾವಿರ ಲೀಟರ್ ಬಾವಿ ನೀರಿಗೆ ಒಳ್ಳೆಯ ಗುಣಮಟ್ಟದ ಪೌಡರ್ ಸುಮಾರು 2.5 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಪೌಡರ್. ಈ ಕ್ರಮ ತಪ್ಪಬಾರದು. ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸುರಿಯಬೇಕು. ಒಂದು ಗಂಟೆಯ ನಂತರ ನೀರು ಬಳಸಬಹುದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಒದ್ದೆ ಚಮಚ ಡಬ್ಬಿಯೊಳಗೆ ಹೋಗದಿರಲಿ.

ಅವಘಡವಾದರೆ?

ಘಾಟು ಬಂದೊಡನೆ ಕೆಲಸ ಬಿಟ್ಟು ಹೊರಗಿನ ಗಾಳಿಗೆ ಬರಬೇಕು. ಕಣ್ಣಿಗೆ, ಚರ್ಮಕ್ಕೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ನುಂಗಿದ್ದರೆ ವಾಂತಿ ಮಾಡಿಸುವುದು ಬೇಡ. ಒಳಗಿಳಿಯುವಾಗ ಸುಟ್ಟ ಗಂಟಲನ್ನು ಅದು ಮತ್ತೊಮ್ಮೆ ಸುಡುತ್ತದೆ. ಬಾಟಲಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು, ಇಲ್ಲವೇ 108ಕ್ಕೆ ಕರೆ ಮಾಡಬೇಕು. ಕ್ಲೋರಿನ್ ಸೇವಿಸಿದವರಿಗೆ ಕೆಲ ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಆದ್ದರಿಂದ ಕೆಮ್ಮು ನಿಂತಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸುವುದೇ ಜಾಣತನ.

ಮಕ್ಕಳೇ, ಈ ಭಾನುವಾರ ಅಪ್ಪ ಅಮ್ಮನನ್ನು ಜೊತೆಗೆ ಕರೆದುಕೊಂಡು ಬಚ್ಚಲಿನ ಗೂಡನ್ನೊಮ್ಮೆ ನೋಡಿ. ಡಬ್ಬಿ ನೀವು ಮುಟ್ಟಬೇಡಿ, ಚೀಟಿ ಓದಿ ಹೇಳಿ ಸಾಕು. ಪುಡಿ ಒಂದು ಕಡೆ, ಆಸಿಡ್ ಇನ್ನೊಂದು ಕಡೆ ಹೋದರೆ ಶಾಲೆಯ ಪಾಠ ಮನೆಯನ್ನು ಕಾಯ್ದಂತೆ.